‘ಅನತಾ’ ಬೇಡ, ‘ಹೊಶೀ’ಯೂ ಬೇಡ

ಮ್ಯಾನೇಜರಿಗೆ ಜಪಾನೀ ಭಾಷೆಯಲ್ಲಿ ‘ಅನತಾ ವಾ ಕೋಹೀ ಗಾ ಹೊಶೀ ದೆಸು ಕಾ’ (ನಿಮಗೆ ಕಾಫಿ ಬೇಕೇ) ಎಂದಾಗ ಅವರು ಸುಮ್ಮನೆ ನಕ್ಕರೆಂದೂ, ವ್ಯಾಕರಣದಲ್ಲಿ ತಪ್ಪೆಲ್ಲಿದೆಯೆಂದೂ ತಾವು ಕೇಳಿದ್ದೀರಿ. ವ್ಯಾಕರಣ ಸರಿಯಾಗಿಯೇ ಇದೆ. ಜೆಎಲ್‌ಪಿಟಿ ಎಂಬ ಜಪಾನೀ ಭಾಷಾ ಪರೀಕ್ಷೆಯ ಎನ್4 ಹಂತ ಪಾಸಾದ ಹೊಸದರಲ್ಲಿ ನಾನೂ ಜಪಾನಿನಿಂದ ಬಂದಿದ್ದ ಹಿರಿಯರೊಬ್ಬರಿಗೆ ಇದನ್ನೇ, ಕಾಫಿಯ ಜಾಗದಲ್ಲಿ ಚಹಾ ಇಟ್ಟು, ಮೂರು ದಿನ ಹೇಳಿದೆ. ನಾಲ್ಕನೆಯ ದಿನ ಅವರೇ ಎದ್ದುಹೋಗಿ ಚಹಾ ತಂದುಕೊಂಡರು. ಜೆಎಲ್‌ಪಿಟಿಯಲ್ಲಿ ಮಾತಿನ ಪರೀಕ್ಷೆಯೇ ಇಲ್ಲವಾದ್ದರಿಂದ ಇಂಥ ತಪ್ಪು ಅಲ್ಲಿ ಸಿಕ್ಕಿಬೀಳುವುದಿಲ್ಲ.

ನಿಘಂಟು ‘ಅನತಾ’ ಎಂದರೆ ‘ನೀವು’ ಎನ್ನುತ್ತದೆ, ಆದರೆ ಮೇಲಿನವರಿಗೆ ಅದು ಸಲ್ಲದು. ಹೆಸರಿಗೆ ಗೌರವದ ‘ಸಾನ್’ ಸೇರಿಸಿ, ಇಲ್ಲವೇ ‘ಬುಚೋ’ (ವಿಭಾಗದ ಮುಖ್ಯಸ್ಥರು) ಎಂಬಂತೆ ಹುದ್ದೆಯಿಂದ ಕರೆಯಿರಿ. ಎದುರಿಗೇ ಇದ್ದರೆ ಅದನ್ನೂ ಬಿಡಬಹುದು. ‘ಹೊಶೀ’ (ಬೇಕು), ‘ನೊಮಿತಾಯ್’ (ಕುಡಿಯುವ ಆಸೆ) ಇನ್ನೂ ತೊಡಕಿನವು, ಏಕೆಂದರೆ ಹಿರಿಯರ ಆಸೆಯನ್ನು ನೇರವಾಗಿ ಕೆದಕಿದಂತಾಗುತ್ತದೆ. ‘ಕೋಹೀ, ಇಕಾಗಾ ದೆಸು ಕಾ’ (ಕಾಫಿ ಆಗಬಹುದೇ) ಎಂದರೆ ಸಾಕು. ಸರೀಕರಿಗಾದರೆ ‘ನೊಮಿಮಾಸು ಕಾ’ (ಕುಡಿಯುತ್ತೀರಾ) ನಡೆಯುತ್ತದೆ.

ನನಗೆ ಫಲ ಕೊಟ್ಟದ್ದು ಇಂಗ್ಲಿಷನ್ನು ನಡುವೆ ತರದೆ ಕನ್ನಡದಿಂದಲೇ ಹೋಗುವ ಅಭ್ಯಾಸ. ‘ತಬೆತೆ ಮಿರು’ ಎಂಬುದು ಅಕ್ಷರಶಃ ನಮ್ಮ ‘ತಿಂದು ನೋಡು’. ‘ಕತ್ತೆ ಒಕು’ ಎಂಬುದು ‘ಕೊಂಡು ಇಡು’. ‘ವಸುರೆತೆ ಶಿಮತ್ತಾ’ ಎಂಬಲ್ಲಿ ‘ಮರೆತುಬಿಟ್ಟೆ’ ಎನ್ನುವಾಗಿನ ಪೇಚಾಟವೂ ಇದೆ. ‘ಇತ್ತೆ ಕಿಮಾಸು’ ಅಂತೂ ‘ಹೋಗಿ ಬರುತ್ತೇನೆ’ಯೇ. ಆದರೆ ಇದನ್ನು ಕಣ್ಣುಮುಚ್ಚಿ ನಂಬಬೇಡಿ: ನಾವು ನೆಂಟರ ಮನೆಯಿಂದ ಹೊರಡುವಾಗಲೂ ‘ಹೋಗಿ ಬರುತ್ತೇನೆ’ ಎನ್ನುತ್ತೇವೆ, ಅವರು ತಾವು ಮರಳಿ ಬರಲಿರುವ ಮನೆ ಅಥವಾ ಆಫೀಸು ಬಿಡುವಾಗ ಮಾತ್ರ ‘ಇತ್ತೆ ಕಿಮಾಸು’ ಎನ್ನುತ್ತಾರೆ, ಬೇರೆಯವರ ಮನೆಯಲ್ಲಿ ‘ಒಜಾಮಾ ಶಿಮಾಶಿತಾ’ (ತೊಂದರೆ ಕೊಟ್ಟೆ) ಎನ್ನಬೇಕು. ‘ಕಾಫಿ ಬೇಕೇ ಸರ್’ ಎಂಬುದು ನಮ್ಮಲ್ಲಿ ಮರ್ಯಾದೆಯ ಮಾತಾದರೂ ಅಲ್ಲಿ ಅದೇ ‘ಹೊಶೀ’ಯ ಗುಂಡಿಗೆ ಬೀಳಿಸುತ್ತದೆ.

ದಯವಿಟ್ಟು ಆಂಕಿ ಎಂಬ ಬಾಯಿಪಾಠದ ಕಾರ್ಡುಗಳ ಆ್ಯಪಿನಲ್ಲಿ ಒಂಟಿ ಪದಗಳ ಕಾರ್ಡು ಮಾಡುವುದನ್ನು ನಿಲ್ಲಿಸಿ. ಇಡೀ ವಾಕ್ಯವನ್ನೂ ಅದನ್ನು ಯಾರು ಯಾರಿಗೆ ಹೇಳಿದರೆಂಬುದನ್ನೂ ಬರೆಯಿರಿ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡಿನಲ್ಲೂ ಅದು ಉಚಿತವಾಗಿರುವಾಗ ದುಡ್ಡು ಕೊಟ್ಟು ಬೇರೆ ಆ್ಯಪ್ ಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜಿಶೋ ಎಂಬ ಆನ್‌ಲೈನ್ ನಿಘಂಟು ಕೆಲವು ಪದಗಳಿಗೆ ‘ಸಾಮಾನ್ಯ’ವೆಂಬ ಗುರುತು ಹಾಕುವುದು ನಿಜ, ಆದರೆ ಯಾರಿಗೆ ಹೇಳಬಾರದೆಂಬುದನ್ನು ಆ ಗುರುತು ತಿಳಿಸುವುದಿಲ್ಲ; ‘ಅನತಾ’ ಕೂಡ ಸಾಮಾನ್ಯ ಪದವೇ ಅಲ್ಲವೇ?

ಅಂದಹಾಗೆ, ಸಂಜೆ ಅದೇ ಮ್ಯಾನೇಜರಿಗೆ ‘ಗೊಕುರೋಸಾಮಾ’ (ದುಡಿದು ದಣಿದಿರಿ) ಎಂದುಬಿಡಬೇಡಿ, ಅದು ಮೇಲಿನವರು ಕೆಳಗಿನವರಿಗೆ ಹೇಳುವ ಮಾತು. ತಾವೇ ಮೊದಲು ಹೊರಡುವುದಾದರೆ ‘ಒಸಾಕಿ ನಿ ಶಿತ್ಸುರೆಯ್ ಶಿಮಾಸು’ (ಮೊದಲು ಹೊರಡುತ್ತಿದ್ದೇನೆ, ಕ್ಷಮಿಸಿ) ಎನ್ನಿ. ಅವರು ಮೊದಲು ಹೊರಟರೆ ಅದೇ ಅರ್ಥದ, ಆದರೆ ಮೇಲಿನವರಿಗೂ ಸಲ್ಲುವ ‘ಒತ್ಸುಕಾರೆಸಾಮಾ ದೆಶಿತಾ’ ಎನ್ನಿ.