ಐದು ಜನ ಇದ್ದರೂ ಕೆಲಸ ಯಾಕೆ ಸಾಗ್ತಿಲ್ಲ?

ಪ್ರಶ್ನೆ: ಹುಬ್ಬಳ್ಳಿ, ಧಾರವಾಡ ಎರಡೂ ಕಡೆ ಮನೆಗಳ ಗಾರ್ಡನ್ ನೋಡಿಕೊಳ್ಳುವ ಸಣ್ಣ ಕೆಲಸ ನನ್ನದು. ಒಂದು ಟಾಟಾ ಏಸ್ ಇದೆ. ಹುಲ್ಲು ಕತ್ತರಿಸೋಕೆ ಒಂದು ಪೆಟ್ರೋಲ್ ಮಷಿನ್, ಒಂದು ಕೈಮಷಿನ್ ಇವೆ. ಮೂರು ಜನ ಇದ್ದಾಗ ದಿನಕ್ಕೆ ಆರು ಮನೆ ಮುಗಿಯುತ್ತಿದ್ದವು. ಹೋದ ವರ್ಷ ಇನ್ನಿಬ್ಬರನ್ನು ತಗೊಂಡೆ. ಈಗ ಏಳು ಮನೆ ಆದರೆ ಅದೇ ಜಾಸ್ತಿ. ಪಗಾರ ಕೊಟ್ಟು ಕೈಯಲ್ಲಿ ಏನೂ ಉಳಿಯುತ್ತಿಲ್ಲ. ಹುಡುಗರು ಮೈಗಳ್ಳರಾಗಿದ್ದಾರಾ? ಒಬ್ಬನನ್ನು ಬಿಡಿಸಲಾ?

ಉತ್ತರ: ಹುಡುಗರನ್ನು ಬೈಯುವ ಮೊದಲು ನಿಮ್ಮ ಗಾಡಿಯ ಲೆಕ್ಕ ನೋಡೋಣ.

ಏಳು ಮನೆ ಅಂದರೆ ನಡುವೆ ಆರು ಓಡಾಟ. ಸಾಮಾನು ಏರಿಸಿ, ಹೋಗಿ, ಇಳಿಸುವುದಕ್ಕೆ ಪ್ರತಿ ಸಲ 25 ನಿಮಿಷ ಅಂತ ಇಟ್ಟುಕೊಳ್ಳಿ. ಆರು ಓಡಾಟಕ್ಕೆ 150 ನಿಮಿಷ ಆಯ್ತು. ಆದರೆ ಗಾಡಿಯಲ್ಲಿ ಕೂತವರು ಐದು ಜನ, ಅಲ್ವಾ? ಒಟ್ಟು 750 ನಿಮಿಷ, ಅಂದರೆ ಹನ್ನೆರಡೂವರೆ ತಾಸು. ದಿನಕ್ಕೆ ಎಂಟು ತಾಸಿನ ಲೆಕ್ಕದಲ್ಲಿ ನೀವು ಒಂದೂವರೆ ಆಳಿನ ಪಗಾರವನ್ನು ಸುಮ್ನೆ ಗಾಡಿಯಲ್ಲಿ ಕೂರಿಸೋಕೇ ಕೊಡ್ತಿದ್ದೀರಿ. ಬೆಳಿಗ್ಗೆ ಮೊದಲ ಮನೆಗೆ ಹೋಗೋದು, ಸಂಜೆ ವಾಪಸ್ ಬರೋದು ಇದರಲ್ಲಿ ಸೇರಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರ್ ದಾರಿ, ಒಂದೇ ದಿನ ಎರಡೂ ಊರು ಸುತ್ತಿದರೆ ಕಥೆ ಮುಗೀತು.

ಇನ್ನು ಮನೆಯ ಒಳಗಿನ ಮಾತು. ನಾನೂ ಈ ಕೆಲಸ ಮಾಡಿಸುತ್ತಿದ್ದಾಗ ಒಮ್ಮೆ ಸಪ್ತಾಪುರದ ಒಂದು ಮನೆಯ ಗೇಟಿನ ಹೊರಗೆ ಸ್ಕೂಟರ್ ಮೇಲೆ ಕೂತು ನನ್ನದೇ ನಾಲ್ಕು ಜನರನ್ನು ನೋಡಿದ್ದೆ. ಒಬ್ಬ ಕರೆಂಟಿನ ಮಷಿನ್ ತಳ್ಳುತ್ತಿದ್ದ. ಇನ್ನೊಬ್ಬ ಹಿಂದಿನಿಂದ ವೈರ್ ಎತ್ತಿ ಹಿಡಿದಿದ್ದ. ಮೂರನೆಯವನು ಬುಟ್ಟಿ ಹಿಡಿದು ಮಷಿನಿನ ಹುಲ್ಲಿನ ಡಬ್ಬಿ ತುಂಬೋದನ್ನೇ ಕಾಯುತ್ತಿದ್ದ. ನಾಲ್ಕನೆಯವನು ಆಗಲೇ ಕತ್ತರಿಸಿ ಮುಗಿಸಿದ್ದ ದಾಸವಾಳದ ಗಿಡಕ್ಕೇ ಮತ್ತೆ ಮತ್ತೆ ಕತ್ತರಿ ಆಡಿಸುತ್ತಿದ್ದ, ಪಾಪ, ಖಾಲಿ ನಿಂತರೆ ನಾನು ಬೈತೀನಿ ಅಂತ! ಯಾರೂ ಕಳ್ಳಾಟ ಆಡುತ್ತಿರಲಿಲ್ಲ. ಇದ್ದದ್ದು ಒಂದು ಮಷಿನ್, ಒಂದು ಬುಟ್ಟಿ. ಕೈ ಮಾತ್ರ ಎಂಟು.

ಇದು ಹಳೇ ಸಮಸ್ಯೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ ಅಳತೆ ಮಾಡಿದ್ದ, 1913ರಲ್ಲಿ ಅದು ಪ್ರಕಟವಾಯ್ತು. ಎಂಟು ಜನ ಒಟ್ಟಿಗೆ ಎಳೆದಾಗ ತಲಾ ಬಿದ್ದ ಬಲ, ಒಬ್ಬನೇ ಎಳೆದಾಗಿನ ಬಲದ ಅರ್ಧದಷ್ಟು ಮಾತ್ರ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯೋದಿಲ್ಲ, ಅದು ಒಂದು ಕಾರಣ. "ಅವನು ಎಳೀತಾನಲ್ಲ" ಅನ್ನೋ ಭಾವನೆ ಇನ್ನೊಂದು.

ಹಾಗಾಗಿ ನನ್ನ ಸಲಹೆ, ಯಾರನ್ನೂ ಬಿಡಿಸಬೇಡಿ, ಜೋಡಿ ಮಾಡಿ. ಇಬ್ಬಿಬ್ಬರ ಎರಡು ತಂಡ. ಒಂದು ತಂಡ ಪೆಟ್ರೋಲ್ ಮಷಿನ್ ಇಟ್ಟುಕೊಂಡು ಗಾಡಿಯಲ್ಲಿ ಹೋಗಲಿ. ಇನ್ನೊಂದನ್ನು ಕೈಮಷಿನ್, ಸಲಿಕೆ, ಬುಟ್ಟಿ ಸಮೇತ ಬೆಳಿಗ್ಗೆ ಒಂದೇ ಬಡಾವಣೆಯಲ್ಲಿ ಇಳಿಸಿ, ನಡೆದು ಹೋಗುವಷ್ಟು ಹತ್ತಿರದ ಸಣ್ಣ ಲಾನಿನ ಮನೆಗಳನ್ನು ಅವರು ಮುಗಿಸಲಿ. ಇದಕ್ಕೆ ಗಿರಾಕಿಗಳ ವಾರವನ್ನು ಹೊಂದಿಸಬೇಕು. ಸೋಮವಾರ ನವನಗರ ಅಂದರೆ ನವನಗರ ಮಾತ್ರ, ಮಂಗಳವಾರ ವಿದ್ಯಾನಗರ. ಒಂದಿಬ್ಬರು ಗಿರಾಕಿಗಳು "ನಮಗೆ ಭಾನುವಾರವೇ ಬೇಕು" ಅಂತ ಮುಖ ಗಂಟು ಹಾಕ್ತಾರೆ. ಹಾಕಲಿ. ಎರಡು ತಂಡಕ್ಕೂ ನಾಲ್ಕು ನಾಲ್ಕು ಮನೆ ಬಂದರೆ ತಲಾ ಮೂರೇ ಓಡಾಟ. ಅದೇ 25 ನಿಮಿಷ ಹಿಡಿದರೂ ಒಟ್ಟು 300 ನಿಮಿಷಕ್ಕೆ ಮುಗಿಯುತ್ತದೆ, ಮೊದಲು ಹೋಗುತ್ತಿದ್ದದ್ದು 750.

ಒಬ್ಬೊಬ್ಬನನ್ನೇ ಕಳಿಸಿದರೆ ಇನ್ನೂ ಉಳಿತಾಯ ಅಲ್ವಾ ಅಂತ ಅನ್ನಿಸಬಹುದು. ಬೇಡ. ಏಣಿ ಹತ್ತಿದವನಿಗೆ ಕೆಳಗೆ ಹಿಡಿಯೋರು ಬೇಕು. ಬ್ರಷ್ ಕಟರ್, ಅಂದರೆ ಉದ್ದ ಕೋಲಿನ ತುದಿಯಲ್ಲಿ ಬ್ಲೇಡ್ ತಿರುಗುವ ಪೊದೆ ಕತ್ತರಿಸೋ ಮಷಿನ್ ತರೋದಾದರೂ ಅಷ್ಟೇ, ಅದರಿಂದ ಕಲ್ಲು ಸಿಡಿಯುತ್ತದೆ, ಒಬ್ಬನೇ ಇರುವಾಗ ಏನಾದರೂ ಆದರೆ ನೋಡೋರು ಯಾರು?

ಐದನೆಯವನು ಕಾಯಂ ಯಾವ ತಂಡಕ್ಕೂ ಬೇಡ. ಗುಂಡಿ ತೆಗೆಯೋದು, ಗೊಬ್ಬರ ಹೊರೋದು, ದೊಡ್ಡ ಬೇಲಿ ಕತ್ತರಿಸೋದು ಇದ್ದ ದಿನ ಆ ತಂಡಕ್ಕೆ ಮೂರನೆಯವನಾಗಲಿ. ಯಾರಾದರೂ ರಜೆ ಹಾಕಿದರೆ ಆ ಜಾಗಕ್ಕೆ ಹೋಗಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಹೇಳಿದ ಮಾತು ಕೇಳದೆ ಬೆಳೆಯುತ್ತದೆ, ಆಗ ಅವನು ದಿನಾ ಬೇಕು. ಜೋರು ಮಳೆಯಾದ ಮರುದಿನ ಹುಬ್ಬಳ್ಳಿ ಕಡೆಯ ಎರೆ ಮಣ್ಣಿಗೆ ಇಳಿಯೋಕೇ ಹೋಗಬೇಡಿ, ಸಲಿಕೆಗೆ ಅಂಟಿದ್ದನ್ನು ಕೆರೆಯೋದರಲ್ಲೇ ದಿನ ಹೋಗುತ್ತದೆ. ಅವತ್ತು ಕುಂಡ ಬದಲಿಸೋದು, ಮಷಿನಿನ ಬ್ಲೇಡ್ ಮಸೆಯೋದು.

ಮನೆಗೆ ಇಷ್ಟು ಅಂತ ಗುತ್ತಿಗೆ ಕೊಡೋಣ್ವಾ ಅಂತ ಯಾರಾದರೂ ಹೇಳಬಹುದು. ನನಗೆ ಅದು ಒಗ್ಗುವುದಿಲ್ಲ. ಬೇಗ ಮುಗಿಸೋ ಭರದಲ್ಲಿ ಕಳೆಯನ್ನು ಬೇರು ಬಿಟ್ಟು ಮೇಲೆ ಕಿತ್ತು ಬರ್ತಾರೆ. ಹದಿನೈದು ದಿನಕ್ಕೆ ಗಿರಾಕಿಯ ಫೋನ್ ಬರುತ್ತದೆ, ಮತ್ತೆ ಅಲ್ಲಿಗೆ ಓಡಬೇಕು.

ನಾಳೆಯಿಂದಲೇ ಗಾಡಿಯಲ್ಲಿ ಒಂದು ನೋಟ್‌ಬುಕ್ ಇಡಿ. ಮನೆ ಯಾವುದು, ಹೋದ ಹೊತ್ತು, ಹೊರಟ ಹೊತ್ತು, ಎಷ್ಟು ಜನ. ಎರಡು ವಾರ ಬರೆಸಿ, ಆಮೇಲೆ ತಂಡ ಒಡೆದು ಇನ್ನೆರಡು ವಾರ ಬರೆಸಿ. ಎಂಟು ಮನೆ ಆಗದಿದ್ದರೆ ಆ ಹಾಳೆಗಳ ಫೋಟೋ ತೆಗೆದು ನನಗೆ ಕಳಿಸಿ, ಎಲ್ಲಿ ಸೋರುತ್ತಿದೆ ಅಂತ ನೋಡೋಣ.