2008ಕ್ಕೆ ಕಾರಣ ಸಾಲ ತೆಗೆದುಕೊಂಡ ಬಡವರಲ್ಲ

ಅಮೆರಿಕದಲ್ಲಿ ಮನೆ ಕೊಳ್ಳೋಣ ಅಂತಿದ್ದೀನಿ, 2008ರಲ್ಲಿ ಗೃಹಸಾಲಗಳು ಮುಳುಗಿ ಬ್ಯಾಂಕುಗಳೇ ಕುಸಿದ ಹಾಗೆ ಮತ್ತೆ ಆದರೆ ಏನು ಗತಿ ಅಂತ ಕೇಳಿದ್ದೀರಿ. ಜೊತೆಗೆ, ಸರ್ಕಾರ ಬಡವರಿಗೆ ಬಲವಂತವಾಗಿ ಸಾಲ ಕೊಡಿಸಿದ್ದಕ್ಕೇ ಎಲ್ಲ ಮುಳುಗಿತು ಅಂತ ಆಫೀಸಿನಲ್ಲಿ ಯಾರೋ ಹೇಳಿದರಂತೆ, ಅದು ನಿಜವಾ ಅಂತಲೂ ಕೇಳಿದ್ದೀರಿ. ಎರಡನೆಯದನ್ನೇ ಮೊದಲು ಹೇಳುತ್ತೇನೆ. ನಮ್ಮವರ ಬಾಯಲ್ಲೂ ಅದನ್ನು ಕೇಳಿ ಕೇಳಿ ಬೇಜಾರಾಗಿದೆ.

ಅವರು ಹೇಳುತ್ತಿರುವುದು 1977ರ ಕಮ್ಯುನಿಟಿ ರೀಇನ್ವೆಸ್ಟ್‌ಮೆಂಟ್ ಆಕ್ಟ್ ಬಗ್ಗೆ. ಯಾವ ಊರಿನ ಜನರ ಠೇವಣಿ ತಗೊಳ್ತೀರೋ ಅಲ್ಲಿನ ಬಡವರಿಗೂ ಸಾಲ ಕೊಡಿ ಅಂತ ಬ್ಯಾಂಕುಗಳಿಗೆ ಹೇಳುವ ಕಾನೂನು ಅದು. ಆದರೆ ಸಬ್‌ಪ್ರೈಮ್ ಸಾಲ, ಅಂದರೆ ತೀರಿಸುವ ಭರವಸೆ ಕಡಿಮೆ ಇರುವವರಿಗೆ ಹೆಚ್ಚಿನ ಬಡ್ಡಿಗೆ ಕೊಡುವ ಸಾಲ, ಜಾಸ್ತಿ ಹಂಚಿದ್ದು ಈ ಕಾನೂನಿನ ಹೊರಗಿದ್ದ ಕಂಪನಿಗಳು. 2008ರ ಕುಸಿತದ ಬಗ್ಗೆ ಸರ್ಕಾರ ನೇಮಿಸಿದ ತನಿಖಾ ಆಯೋಗದ ಬಹುಮತದ ವರದಿ 2011ರಲ್ಲೇ ಈ ಕಾನೂನು ದೊಡ್ಡ ಕಾರಣವಲ್ಲ ಅಂದಿತು.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಕಡೆ. ಆಗ ಇಲ್ಲಿ ಬ್ರೋಕರ್‌ಗಳು ಸಂಬಳದ ಚೀಟಿಯನ್ನೂ ಕೇಳದೆ ಅರ್ಜಿಯಲ್ಲಿ ಆದಾಯದ ಅಂಕಿ ತುಂಬುತ್ತಿದ್ದರು. ಮೊದಲ ಎರಡು ವರ್ಷ ಕಂತು ಕಡಿಮೆ, ಆಮೇಲೆ ಬಡ್ಡಿ ಏರಿ ಕಂತು ಕೈಮೀರುತ್ತಿತ್ತು. ಸಾಲ ಕೊಟ್ಟವರಿಗೆ ಅದರ ಚಿಂತೆ ಇರಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಆ ಸಾಲವನ್ನು ವಾಲ್ ಸ್ಟ್ರೀಟ್‌ನ ದೊಡ್ಡ ಹಣಕಾಸು ಕಂಪನಿಗಳಿಗೆ ಮಾರಿ ಕಮಿಷನ್ ಎಣಿಸಿಕೊಂಡಿರುತ್ತಿದ್ದರು. ನಮ್ಮ ಬೀದಿಯಲ್ಲೇ ಸಾಲು ಮನೆಗಳ ಬಾಗಿಲಿಗೆ ನೋಟಿಸ್ ಅಂಟಿಸಿದ್ದರು, ಹುಲ್ಲೆಲ್ಲ ಒಣಗಿತ್ತು, ಈಜುಕೊಳದ ನೀರು ಹಸಿರಾಗಿ ಸೊಳ್ಳೆ ತುಂಬಿತ್ತು. 2012ರಲ್ಲಿ ಸ್ಟಾಕ್ಟನ್ ನಗರಸಭೆಯೇ ದಿವಾಳಿ ಅರ್ಜಿ ಹಾಕಿತು.

ಇದನ್ನು ತಡೆಯುವ ಅಧಿಕಾರ ಇತ್ತು, ಸ್ವಾಮಿ! 1994ರಲ್ಲೇ ಸಂಸತ್ತು ಕಾನೂನು ಮಾಡಿ ಮೋಸದ ಗೃಹಸಾಲ ನಿಲ್ಲಿಸುವ ಅಧಿಕಾರವನ್ನು ಇಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಕೈಗೆ ಕೊಟ್ಟಿತ್ತು. ಅಲ್ಲಿನ ಆಡಳಿತ ಮಂಡಳಿಯ ಸದಸ್ಯ ಎಡ್ವರ್ಡ್ ಗ್ರಾಮ್ಲಿಕ್ ಎಚ್ಚರಿಸಿದರೂ ಆ ಮಂಡಳಿಯ ಅಧ್ಯಕ್ಷ ಅಲನ್ ಗ್ರೀನ್‌ಸ್ಪಾನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಗಿ ನಿಯಮ ಬಂದದ್ದು 2008ರ ಜುಲೈಯಲ್ಲಿ, ಊರು ಸೂರೆಯಾದ ಮೇಲೆ. ರಾಜ್ಯಗಳು ತಾವೇ ತಡೆಯಲು ಹೋದಾಗ, 2004ರಲ್ಲಿ, ಬುಷ್ ಕಾಲದ ಬ್ಯಾಂಕ್ ನಿಯಂತ್ರಕರು ರಾಷ್ಟ್ರೀಯ ಬ್ಯಾಂಕುಗಳಿಗೆ ಆ ರಾಜ್ಯಗಳ ಕಾನೂನು ಅನ್ವಯಿಸಲ್ಲ ಅಂದುಬಿಟ್ಟರು. ಹಾಗಂತ ಡೆಮಾಕ್ರಾಟರ ಕೈಯೇನೂ ಶುದ್ಧವಲ್ಲ. ಡೆರಿವೇಟಿವ್‌ಗಳಿಗೆ, ಅಂದರೆ ಸಾಲ, ಬಡ್ಡಿ ಮುಂತಾದವುಗಳ ಏರಿಳಿತದ ಮೇಲೆ ಮಾಡಿಕೊಳ್ಳುವ ಹಣಕಾಸು ಒಪ್ಪಂದಗಳಿಗೆ, ಲಗಾಮು ಬೇಕು ಅಂತ ಆ ವ್ಯಾಪಾರದ ನಿಯಂತ್ರಕಿ ಬ್ರೂಕ್ಸ್‌ಲಿ ಬಾರ್ನ್ 1998ರಲ್ಲಿ ಹೇಳಿದಾಗ ಕ್ಲಿಂಟನ್ ಸರ್ಕಾರದವರೇ ಆಕೆಯ ಬಾಯಿ ಮುಚ್ಚಿಸಿದರು, 2000ದಲ್ಲಿ ಆ ಲಗಾಮು ಬೇಡವೆನ್ನುವ ಕಾನೂನಿಗೆ ಕ್ಲಿಂಟನ್ ಸಹಿ ಹಾಕಿದರು. ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರ್ ಮಂಜೂರಾಯಿತು. ಮನೆ ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದವರಿಗೆ ಒಬಾಮಾ ತಂದ ಯೋಜನೆ ಹೇಳಿದಷ್ಟು ಜನರನ್ನು ಮುಟ್ಟಲೇ ಇಲ್ಲ.

ಇನ್ನು ನಿಮ್ಮ ಮನೆ ವಿಷಯ. ಸಾಲಗಾರನಿಗೆ ತೀರಿಸುವ ಶಕ್ತಿ ಇದೆಯಾ ಅಂತ ಸಾಲ ಕೊಡುವವರು ನೋಡಲೇಬೇಕು ಅನ್ನುವ ನಿಯಮ 2010ರ ಡಾಡ್-ಫ್ರಾಂಕ್ ಕಾನೂನಿನಿಂದ ಬಂತು, 2014ರಿಂದ ಜಾರಿಯಲ್ಲಿದೆ. ಇದನ್ನು ಸಡಿಲಿಸುವ ಮಾತು ಬಂದಾಗ ಯಾರು ಆಡುತ್ತಿದ್ದಾರೆ ಅಂತ ನೋಡಿಕೊಳ್ಳಿ. ನಿಮಗೆ ಇನ್ನೂ ಓಟಿಲ್ಲ, ನನಗಿದೆ, ನಾನಂತೂ ಅದನ್ನು ನೋಡಿಯೇ ಹಾಕುತ್ತೇನೆ. ಎಚ್-1ಬಿ ಕೆಲಸದ ವೀಸಾದಲ್ಲಿ ಕೆಲಸ ಹೋದರೆ ಇನ್ನೊಂದು ದಾರಿ ಹುಡುಕಿಕೊಳ್ಳಲು ನಿಮಗಿರುವುದು ಹೆಚ್ಚೆಂದರೆ 60 ದಿನ, ಅದನ್ನು ಲೆಕ್ಕ ಹಾಕಿಯೇ ಕಂತು ಒಪ್ಪಿಕೊಳ್ಳಿ. ಸಾಲದ ಬಡ್ಡಿ, ಕಂತು, ಖರ್ಚಿನ ಅಂದಾಜು ತೋರಿಸುವ ಲೋನ್ ಎಸ್ಟಿಮೇಟ್ ಕೈಗೆ ಬಂದಾಗ ಮೊದಲ ಪುಟದಲ್ಲೇ, ಈ ಮೊತ್ತ ಮುಂದೆ ಏರಬಹುದಾ ಅನ್ನುವ ಕಾಲಮ್ ಇರುತ್ತೆ. ಬಡ್ಡಿಯ ಎದುರು ಹೌದು ಅಂತಿದ್ದರೆ ಯಾವ ವರ್ಷದಿಂದ, ಎಲ್ಲಿಯವರೆಗೆ ಅಂತ ಕೇಳಿ ತಿಳ್ಕೊಂಡ ಮೇಲೇ ಮುಂದುವರಿಯಿರಿ.