ಟ್ಯೂಬಾ ಕಾರ್ಯಕ್ರಮದಲ್ಲಿ ಎಲೆಮರೆಯ ಸಂಯೋಜಕರಿಗೆ ಜಾಗ ಮಾಡಿಕೊಡುವುದು ಹೇಗೆ?

ಒಂದು ಗಂಟೆಯ ಟ್ಯೂಬಾ (ತಗ್ಗು ದನಿಯ ದೊಡ್ಡ ಹಿತ್ತಾಳೆ ಊದುವಾದ್ಯ) ಕಾರ್ಯಕ್ರಮದಲ್ಲಿ ಮಹಿಳೆಯರ, ಕಪ್ಪು ಸಂಯೋಜಕರ ಕೃತಿಗಳನ್ನು ಸೇರಿಸಬೇಕು, ಜೊತೆಗೆ ಸಂಶೋಧನೆಯೂ ಆಗಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಬೇರೆ ವಾದ್ಯದ ಕೃತಿಯನ್ನು ಹೊಂದಿಸಿಕೊಳ್ಳುವ ಮೊದಲು ನಮ್ಮ ವಾದ್ಯಕ್ಕೇ ಬರೆದದ್ದನ್ನು ಹುಡುಕಿ. ರಷ್ಯಾದ ಸಂಯೋಜಕಿ ಸೋಫಿಯಾ ಗುಬೈದುಲಿನಾ 1977ರಲ್ಲೇ ಟ್ಯೂಬಾ ಮತ್ತು ಪಿಯಾನೋಗೆ 'ಲಾಮೆಂಟೊ' ಬರೆದಿದ್ದಾರೆ. ಕೆನಡಾದ ಸಂಯೋಜಕಿ ಎಲಿಜಬೆತ್ ರಾಮ್ ಟ್ಯೂಬಾಕ್ಕೆ ಬರೆದದ್ದು ಸಾಕಷ್ಟಿದೆ. ಟ್ರಾಂಬೋನ್ ನುಡಿಸುವ ಗೆಳೆಯರಿದ್ದರೆ ಜಾರ್ಜ್ ವಾಕರ್ ಅವರ 1957ರ ಟ್ರಾಂಬೋನ್ ಕನ್ಸರ್ಟೊ (ವಾದ್ಯವೃಂದದ ಜೊತೆ ಒಂಟಿ ವಾದ್ಯ ನುಡಿಸುವ ಕೃತಿ) ತೋರಿಸಿ. 1996ರಲ್ಲಿ ಸಂಗೀತಕ್ಕೆ ಅಮೆರಿಕದ ಪುಲಿಟ್ಜರ್ ಬಹುಮಾನ ಪಡೆದ ಮೊದಲ ಕಪ್ಪು ಸಂಯೋಜಕ ಅವರೇ. ಇಂಥವನ್ನೆಲ್ಲ ಬೇರೆ ಕೂರಿಸಿ 'ವಿಶೇಷ ಕಾರ್ಯಕ್ರಮ' ಮಾಡಬೇಡಿ. ಎಲ್ಲರೂ ನುಡಿಸುವ, ಜರ್ಮನ್ ಸಂಯೋಜಕ ಹಿಂಡೆಮಿತ್ ಅವರ ಟ್ಯೂಬಾ ಸೊನಾಟಾದ ಪಕ್ಕದಲ್ಲೇ ಇಡಿ, ಕಿವಿಯೇ ಹೋಲಿಸಿಕೊಳ್ಳಲಿ.

ಅಚ್ಚಾಗದ ಕೃತಿಗಳಿಗೆ ವಿಶ್ವವಿದ್ಯಾಲಯಗಳ ಹಸ್ತಪ್ರತಿ ವಿಭಾಗಗಳಿಗೆ, ಸಂಯೋಜಕರ ಕುಟುಂಬಕ್ಕೆ ಬರೆಯಿರಿ. ಅಮೆರಿಕದ ಕಪ್ಪು ಸಂಯೋಜಕಿ ಫ್ಲಾರೆನ್ಸ್ ಪ್ರೈಸ್ ಅವರ ಹಸ್ತಪ್ರತಿಗಳ ದೊಡ್ಡ ಗಂಟು 2009ರಲ್ಲಿ ಇಲಿನಾಯ್‌ನ ಪಾಳು ಮನೆಯೊಂದರಲ್ಲಿ ಸಿಕ್ಕಿತು.

ನಿಜವಾದ ಕೆಲಸ ಇರುವುದು ಪಾರ್ಟ್ (ಒಂದು ವಾದ್ಯಕ್ಕೆ ಮಾತ್ರ ಬರೆದ ಸ್ವರಲಿಪಿ ಹಾಳೆ) ತಿದ್ದುವುದರಲ್ಲಿ. ಹೆಚ್ಚು ನುಡಿಸದ ಕೃತಿಯಲ್ಲಿ ತಪ್ಪುಗಳು ಹಾಗೇ ಕೂತಿರುತ್ತವೆ, ಏಕೆಂದರೆ ಯಾರೂ ಎಡವಿ ತಿದ್ದಿರುವುದಿಲ್ಲ. ಬಿಡಿ ಪಾರ್ಟನ್ನೂ ಎರಡೂ ವಾದ್ಯಗಳ ಸ್ವರ ಇರುವ ಪಿಯಾನೋ ಸ್ಕೋರನ್ನೂ ಪಕ್ಕಪಕ್ಕ ಇಟ್ಟು ಮೊದಲು ವಿರಾಮದ ಬಾರ್‌ಗಳನ್ನು (ನಾವು ನುಡಿಸದೆ ಕಾಯುವ ತಾಳದ ಖಂಡಗಳನ್ನು) ಎಣಿಸಿ. ಒಂದರಲ್ಲಿ 7, ಇನ್ನೊಂದರಲ್ಲಿ 8 ಇದ್ದರೆ ರಿಹರ್ಸಲ್ ಅಲ್ಲೇ ನಿಂತುಹೋಗುತ್ತದೆ. ಆಮೇಲೆ ಕೆಳಗಿನ ಲೆಡ್ಜರ್ ಗೆರೆಗಳನ್ನು (ಐದು ಗೆರೆಗಳ ಆಚೆಗಿನ ಸ್ವರಕ್ಕೆ ಎಳೆಯುವ ಚಿಕ್ಕ ಗೆರೆಗಳನ್ನು) ನೋಡಿ. ಮಾಸಿದ ಕೈಬರಹದಲ್ಲಿ ಒಂದು ಗೆರೆ ಅಳಿಸಿಹೋದರೂ ಸ್ವರ ಎರಡು ಮೆಟ್ಟಿಲು ಮೇಲಕ್ಕೆ ಹೋದಂತೆ ಕಾಣುತ್ತದೆ. ಅನುಮಾನ ಬಂದಲ್ಲಿ ಪಿಯಾನೋದ ಎಡಗೈ ಏನು ಹಿಡಿದಿದೆ ನೋಡಿ ನಿರ್ಧರಿಸಿ. ಟ್ಯೂಬಾದ ಚಿಕ್ಕ ಬಳಗದ ವಾದ್ಯವಾದ ಯೂಫೋನಿಯಂನ ಟ್ರೆಬಲ್ ಕ್ಲೆಫ್ (ಎತ್ತರದ ಸ್ವರಗಳ ಲಿಪಿಚಿಹ್ನೆ) ಪಾರ್ಟ್ ಸಿಕ್ಕಿದರೆ ಅದು ಬರೆದದ್ದಕ್ಕಿಂತ ಒಂದು ಆಕ್ಟೇವ್ ಮತ್ತು ಒಂದು ಪೂರ್ಣ ಸ್ವರ ಕೆಳಗೆ ಕೇಳುತ್ತದೆ. ಬಾಸ್ ಕ್ಲೆಫ್‌ಗೆ (ತಗ್ಗು ಸ್ವರಗಳ ಚಿಹ್ನೆಗೆ) ತರುವಾಗ ಸಾಲಿನ ಮೊದಲಲ್ಲಿ ಬರೆಯುವ ಕೀ ಸಿಗ್ನೇಚರ್‌ಗೆ ಎರಡು ಫ್ಲ್ಯಾಟ್ (ಸ್ವರವನ್ನು ಅರ್ಧ ಇಳಿಸುವ ಗುರುತು) ಸೇರಿಸಬೇಕು. ಇದನ್ನು ಮರೆತವರೇ ಹೆಚ್ಚು.

ಪ್ರತಿ ತಿದ್ದುಪಡಿಗೂ ಬಾರ್ ಸಂಖ್ಯೆ, ಬೀಟ್, ಇದ್ದದ್ದು, ಆಗಬೇಕಾದದ್ದು, ಕಾರಣ, ಇವಿಷ್ಟನ್ನು ಬರೆದಿಡಿ. ನಿಮ್ಮ ಸಂಶೋಧನೆಯ ತಿರುಳು ಈ ಪಟ್ಟಿಯೇ.

ಸಂಯೋಜಕರು ತೀರಿಕೊಂಡು 70 ವರ್ಷ ಕಳೆದಿಲ್ಲವಾದರೆ ಬಹಳ ದೇಶಗಳಲ್ಲಿ ಕೃತಿಯ ಮೇಲಿನ ಹಕ್ಕು ಇನ್ನೂ ಜೀವಂತ. ಹೊಂದಿಸಿಕೊಳ್ಳಲೂ ರೆಕಾರ್ಡ್ ಮಾಡಲೂ ಲಿಖಿತ ಒಪ್ಪಿಗೆ ಮೊದಲೇ ಪಡೆಯಿರಿ. ಕಾರ್ಯಕ್ರಮ ಮುಗಿದ ವಾರದಲ್ಲೇ ತಿದ್ದುಪಡಿ ಪಟ್ಟಿಯನ್ನು ಪ್ರಕಾಶಕರಿಗೂ, ಹಸ್ತಪ್ರತಿ ಕೊಟ್ಟ ಗ್ರಂಥಾಲಯಕ್ಕೂ ಕಳುಹಿಸಿ. ಮುಂದೆ ಅದೇ ಕೃತಿ ಎತ್ತಿಕೊಳ್ಳುವವರು 7 ಬಾರ್ ಎಣಿಸಿ ತಪ್ಪು ಜಾಗದಲ್ಲಿ ಊದುವುದು ತಪ್ಪುತ್ತದೆ.